10.0.2.15: ಒಂದು ಕೇರಾಫ್ ವಿಳಾಸದ ಕತೆ

ಕಳೆದ ವಾರ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಕ್ಯೂಎಮು ಹಾಕಿಕೊಂಡು ಏನೋ ಪ್ರಯೋಗ ನಡೆಸಿದ್ದ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕ್ಯೂಎಮು ಅಂದರೆ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರನ್ನು ಓಡಿಸುವ ತಂತ್ರಾಂಶ. "ಅಪ್ಪ, ಒಳಗಿನ ಮಷೀನಿನಲ್ಲಿ ಬ್ರೌಸರ್ ನಡೀತಿದೆ, ಆದ್ರೆ ಪಿಂಗ್ ಮಾತ್ರ ಆಗ್ತಿಲ್ಲ" ಅಂದ. ಹೋಗಿ ನೋಡಿದೆ. ಐಪಿ ವಿಳಾಸ 10.0.2.15 ಅಂತಿತ್ತು. ನಾನು ಹಾಗೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಇಪ್ಪತ್ತೇಳು ಇಪ್ಪತ್ತೆಂಟು ವರ್ಷಗಳ ಹಿಂದೆ ಡೊಂಬಿವಲಿಯ ನನ್ನ ಕೋಣೆಯಲ್ಲಿದ್ದ ಕಂಪ್ಯೂಟರಿನ ವಿಳಾಸ ಅದು!

ಆ ಕಾಲದ ಇಂಟರ್ನೆಟ್ಟನ್ನು ಕಂಡವರಿಗೆ ನೆನಪಿರಬಹುದು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಖಾತೆಗಳಲ್ಲಿ ಎರಡು ಜಾತಿ. ಒಂದು ಶೆಲ್ ಖಾತೆ. ಮೋಡೆಮ್ಮಿನಿಂದ ಫೋನ್ ಮಾಡಿದರೆ ದೂರದ ಯುನಿಕ್ಸ್ ಕಂಪ್ಯೂಟರಿನ ಕಪ್ಪು ಪರದೆ ನಿಮ್ಮ ಮುಂದೆ ಬರುತ್ತಿತ್ತು. ಪೈನ್‌ನಲ್ಲಿ ಮಿಂಚಂಚೆ, ಲಿಂಕ್ಸ್‌ನಲ್ಲಿ ವೆಬ್ಬು, ಎಲ್ಲವೂ ಬರೀ ಅಕ್ಷರ. ಚಿತ್ರವಿಲ್ಲ, ಮೌಸಿಲ್ಲ. ಇನ್ನೊಂದು ಟಿಸಿಪಿ/ಐಪಿ ಖಾತೆ. ಅದರಲ್ಲಿ ನಿಮ್ಮ ಮನೆಯ ಕಂಪ್ಯೂಟರೇ ಇಂಟರ್ನೆಟ್ಟಿನ ಸದಸ್ಯ, ನೆಟ್‌ಸ್ಕೇಪ್‌ನಲ್ಲಿ ಬಣ್ಣಬಣ್ಣದ ಪುಟ ನೋಡಬಹುದು. ವಿದ್ಯಾರ್ಥಿಗಳ ಶೆಲ್ ಖಾತೆಗೆ ವರ್ಷಕ್ಕೆ 500 ರೂಪಾಯಿ ಇದ್ದರೆ, ಟಿಸಿಪಿ/ಐಪಿ ಖಾತೆಗೆ 15,000 ರೂಪಾಯಿ. ಅಂದಿನ 15,000 ಅಂದರೆ ನನ್ನಂಥವನ ಎರಡು ಮೂರು ತಿಂಗಳ ಸಂಬಳ. ಅದರ ಮೇಲೆ ಫೋನ್ ಬಿಲ್ಲು ಬೇರೆ.

ಚಿತ್ರ ಇಲ್ಲದಿದ್ದರೆ ಏನು ಮಹಾ, ಓದಲು ಅಕ್ಷರ ಸಾಕಲ್ಲ ಅನ್ನಬಹುದು. ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ಸಾಲುತ್ತಿರಲಿಲ್ಲ. ಮುಂಬೈಯ ಬಿಎಆರ್‌ಸಿಯಲ್ಲಿ ವಿಜ್ಞಾನಿಯಾಗಿ ಬಹುಕಾಲ ಕೆಲಸ ಮಾಡಿದ ಡಾ. ಯು. ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ಶುರುಮಾಡಿದ್ದರು. ಕನ್ನಡದ ಮೊದಲ ಜಾಲಪತ್ರಿಕೆ ಅದು. ಆಗ ಯುನಿಕೋಡ್ ಕನ್ನಡ ನಮ್ಮ ವಿಂಡೋಸಿಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳೇ ಗತಿ. ಅಂಥ ಪುಟವನ್ನು ಶೆಲ್ ಖಾತೆಯ ಕಪ್ಪು ಪರದೆಯಲ್ಲಿ ತೆರೆದರೆ ಕಾಣುತ್ತಿದ್ದದ್ದು ಎಬಿಸಿಡಿ, ಪ್ರಶ್ನಾರ್ಥಕ ಚಿಹ್ನೆ, ಆವರಣ ಚಿಹ್ನೆಗಳ ಚಿತ್ರಾನ್ನ. ನಮ್ಮ ಭಾಷೆ ತಂತಿಯ ಆ ತುದಿಯಲ್ಲಿದೆ ಅಂತ ಗೊತ್ತು, ಓದಲು ಮಾತ್ರ ಆಗದು. ಅಗ್ಗದ ಖಾತೆಯವನಿಗೆ ಕನ್ನಡ ಇರಲಿಲ್ಲ ಅಂದರೆ ಉತ್ಪ್ರೇಕ್ಷೆಯಲ್ಲ.

ಈ ಅಡ್ಡಗೋಡೆ ಇದ್ದದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕ, ಆಸ್ಟ್ರೇಲಿಯಾಗಳ ವಿಶ್ವವಿದ್ಯಾಲಯಗಳಲ್ಲೂ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದದ್ದು ಶೆಲ್ ಖಾತೆಯೇ. ಗೋಡೆಗೆ ಕಿಂಡಿ ಕೊರೆದವರೂ ಅಲ್ಲಿಯವರೇ. ಮೊದಲು ಬಂದದ್ದು 'ಟರ್ಮ್'. ಬರೆದವರು ಪಶ್ಚಿಮ ಆಸ್ಟ್ರೇಲಿಯಾದ ಮೈಕೆಲ್ ಒರೈಲಿ. ಲಿನಕ್ಸ್ ಬಳಗದವರು ಅದನ್ನು ಬಹಳ ಬಳಸಿದರು. ಆದರೆ ಟರ್ಮ್ ಮೂಲಕ ಓಡಬೇಕಾದ ಪ್ರತಿಯೊಂದು ಪ್ರೋಗ್ರಾಮನ್ನೂ ಅದಕ್ಕಾಗಿಯೇ ತಿದ್ದಿ ಹೊಸದಾಗಿ ಕಟ್ಟಬೇಕಿತ್ತು. 1994ರಲ್ಲಿ ಅಮೆರಿಕದಿಂದ 'ಟಿಐಎ', ಅಂದರೆ 'ದಿ ಇಂಟರ್ನೆಟ್ ಅಡಾಪ್ಟರ್' ಬಂತು. ಅದಕ್ಕೆ ಈ ತೊಂದರೆ ಇರಲಿಲ್ಲ. ಆದರೆ ಸುಮಾರು 25 ಡಾಲರ್ ಬೆಲೆ. ವಿದೇಶಕ್ಕೆ ದುಡ್ಡು ಕಟ್ಟುವ ಕ್ರೆಡಿಟ್ ಕಾರ್ಡು ಆಗ ನಮ್ಮ ಹತ್ತಿರ ಎಲ್ಲಿಂದ ಬರಬೇಕು?

ಮರುವರ್ಷ, 1995ರಲ್ಲಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ವಿಶ್ವವಿದ್ಯಾಲಯದಿಂದ ಡ್ಯಾನಿ ಗ್ಯಾಸ್ಪರೋವ್ಸ್ಕಿ ಎಂಬವರು 'ಸ್ಲರ್ಪ್' ಬಿಡುಗಡೆ ಮಾಡಿದರು. ಟಿಐಎ ಮಾಡುವ ಕೆಲಸವನ್ನೇ ಮಾಡುತ್ತಿತ್ತು, ದುಡ್ಡು ಬೇಡ, ಮೂಲ ಕೋಡ್ ಸಮೇತ ಕೊಟ್ಟಿದ್ದರು.

ಅದು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದೇ ಸ್ವಾರಸ್ಯ. ಮುಂಬೈಗೆ ಹೊಸದಾಗಿ ಬಂದ ನಮ್ಮವರಲ್ಲಿ ಎಷ್ಟು ಮಂದಿಗೆ ಸ್ವಂತ ವಿಳಾಸ ಅಂತ ಇತ್ತು ಹೇಳಿ? ಊರಿನ ಕಾಗದವೆಲ್ಲ ಕೇರಾಫ್ ಮಾವ, ಕೇರಾಫ್ ಹೋಟೆಲ್ ಅಂತಲೇ ಬರುತ್ತಿತ್ತು. ಸ್ಲರ್ಪ್ ಅಂಥ ಒಬ್ಬ ಮಾವ. ಶೆಲ್ ಖಾತೆಯ ಯುನಿಕ್ಸ್ ಯಂತ್ರಕ್ಕೆ ಇಂಟರ್ನೆಟ್ಟಿನಲ್ಲಿ ನಿಜವಾದ ವಿಳಾಸವಿದೆ, ನಿಮ್ಮ ಮನೆಯ ಕಂಪ್ಯೂಟರಿಗಿಲ್ಲ. ನಿಮ್ಮ ಕಂಪ್ಯೂಟರು ಫೋನ್ ತಂತಿಯಲ್ಲಿ ಪ್ಯಾಕೆಟ್ಟು ಕಳಿಸುತ್ತದೆ. ಸ್ಲರ್ಪ್ ಅದನ್ನು ಹಾಗೇ ಮುಂದಕ್ಕೆ ತಳ್ಳುವುದಿಲ್ಲ. ಒಡೆದು ಓದಿ, ನೀವು ಯಾರನ್ನು ಕೇಳಿದಿರೋ ಅವರಿಗೆ ತನ್ನ ಹೆಸರಿನಲ್ಲೇ ಹೊಸ ಸಂಪರ್ಕ ತೆರೆಯುತ್ತದೆ. ಉತ್ತರ ಬಂದಾಗ ಮತ್ತೆ ಪ್ಯಾಕೆಟ್ಟು ಮಾಡಿ ನಿಮಗೆ ದಾಟಿಸುತ್ತದೆ. ಆಚೆಯವರ ಕಣ್ಣಿಗೆ ಮಾತಾಡುತ್ತಿರುವುದು ಮಾವ, ಹಿಂದೆ ಒಬ್ಬ ಅಳಿಯ ಇದ್ದಾನೆ ಅಂತ ಗೊತ್ತೇ ಆಗುವುದಿಲ್ಲ. ಇಷ್ಟಕ್ಕೆಲ್ಲ ಯಂತ್ರದ ಯಜಮಾನನ ಅಧಿಕಾರ, ಯುನಿಕ್ಸಿನವರು 'ರೂಟ್' ಅನ್ನುತ್ತಾರಲ್ಲ ಅದು, ಬೇಕೇ ಇರಲಿಲ್ಲ. ಸಾಮಾನ್ಯ ಬಳಕೆದಾರ ತನ್ನ ಖಾತೆಯಲ್ಲೇ ಓಡಿಸಬಹುದಿತ್ತು.

ಹೀಗೆ ಆಚೆಯವರಿಗೆ ನಿಮ್ಮ ವಿಳಾಸ ಕಾಣುವುದೇ ಇಲ್ಲವಾದ್ದರಿಂದ ಅದು ಏನಿದ್ದರೂ ನಡೆಯುತ್ತಿತ್ತು. ಸ್ಲರ್ಪ್ ಶುರುವಾದಾಗ ಪರದೆಯ ಮೇಲೆ ನಾಲ್ಕಾರು ಸಾಲು ಮೂಡುತ್ತಿದ್ದವು. ಅವುಗಳಲ್ಲೊಂದು, ನಿಮ್ಮ ವಿಳಾಸ 10.0.2.15, ಬೇಡವಾದರೆ ಬೇರೆ ಯಾವುದಾದರೂ ಇಟ್ಟುಕೊಳ್ಳಿ ಅಂತ! ಹೊರಬರಬೇಕಾದರೆ ಐದು ಸೊನ್ನೆ ಒತ್ತಬೇಕು.

ಆಗ ನನ್ನ ಬಳಿ ಒಂದು ಶೆಲ್ ಖಾತೆ ಇತ್ತು. ಯಾರು ಕೊಟ್ಟಿದ್ದು ಅಂತ ಹೇಳುವುದು ಬೇಡ, ನಾನು ಮಾಡಿದ್ದು ಅಲ್ಲಿನ ನಿಯಮಕ್ಕೆ ವಿರುದ್ಧವಾಗಿತ್ತು. ಗೆಳೆಯನೊಬ್ಬ ಫ್ಲಾಪಿಯಲ್ಲಿ ಸ್ಲರ್ಪ್‌ನ ಮೂಲ ಕೋಡ್ ತಂದುಕೊಟ್ಟ. ಅದನ್ನು ನಿಧಾನವಾದ ಮೋಡೆಮ್ಮಿನಲ್ಲಿ ಮೇಲಕ್ಕೆ ಏರಿಸಿ, ಅಲ್ಲೇ ಕಂಪೈಲ್ ಮಾಡಬೇಕು. ಮೂರು ರಾತ್ರಿ ಹಿಡಿಯಿತು. ಈ ಕಡೆ ವಿಂಡೋಸ್ 3.1. ಅದಕ್ಕೆ ಇಂಟರ್ನೆಟ್ ಭಾಷೆ ಹುಟ್ಟಿನಿಂದ ಗೊತ್ತಿರಲಿಲ್ಲ, ಅದನ್ನು ಕಲಿಸುತ್ತಿದ್ದದ್ದು 'ಟ್ರಂಪೆಟ್ ವಿನ್‌ಸಾಕ್'. ಟಾಸ್ಮೇನಿಯಾದ ಪೀಟರ್ ಟ್ಯಾಟಮ್ ಬರೆದದ್ದು. ಬಳಸಿ ನೋಡಿ ಆಮೇಲೆ ದುಡ್ಡು ಕಳಿಸಿ ಅನ್ನುವ ನಂಬಿಕೆಯ ಸರಕು. ಜಗತ್ತಿನಾದ್ಯಂತ ಬಳಸಿದವರಲ್ಲಿ ಬಹಳ ಮಂದಿ ಕಳಿಸಲಿಲ್ಲ. ನಾನೂ ಕಳಿಸಲಿಲ್ಲ ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯ ರಾತ್ರಿ ಹನ್ನೊಂದರ ಮೇಲೆ ಡಯಲ್ ಮಾಡಿದೆ. ಲಾಗಿನ್, ಪಾಸ್‌ವರ್ಡ್, ಆಮೇಲೆ ಸ್ಲರ್ಪ್ ಎಂದು ಟೈಪಿಸಿ ಎಸ್ಕೇಪ್ ಒತ್ತಿದೆ. ನೆಟ್‌ಸ್ಕೇಪ್ ತೆರೆದು ವಿಶ್ವಕನ್ನಡದ ವಿಳಾಸ ಕೊಟ್ಟೆ. ಮೊದಲು ಅದೇ ಚಿತ್ರಾನ್ನ ಬಂತು. ಫಾಂಟು ಇಳಿಸಿಕೊಂಡು, ಕೂರಿಸಿ, ಮತ್ತೆ ತೆರೆದೆ. ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ, ಪರದೆ ಸರಿಸಿದ ಹಾಗೆ ನಿಧಾನವಾಗಿ ಕನ್ನಡ ಇಳಿದು ಬಂತು. ಊರಿನ ಪೇಪರು ಮೂರು ದಿನ ತಡವಾಗಿ ಮಾಟುಂಗದಲ್ಲಿ ಸಿಗುತ್ತಿದ್ದ ಕಾಲ. ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಫೋನ್ ಬಿಲ್ಲು ಎಷ್ಟಾಗುತ್ತೆ?" ಅಂದಳು.

ಸುಮಾರು ಎರಡು ತಿಂಗಳು ನಡೆಯಿತು. ನಿಮ್ಮ ಖಾತೆಯಲ್ಲಿ ಗಂಟೆಗಟ್ಟಲೆ ಓಡುವ ಈ ಸ್ಲರ್ಪ್ ಏನು ಅಂತ ಒಂದು ದಿನ ಅಲ್ಲಿನ ಮೇಲ್ವಿಚಾರಕರ ಅಂಚೆ ಬಂತು. ನಾನು ಉತ್ತರ ಬರೆಯುವ ಬದಲು ಆ ಫೈಲಿಗೆ 'ಪೈನ್' ಎಂದು ಮರುನಾಮಕರಣ ಮಾಡಿದೆ. ಒಂದು ವಾರದಲ್ಲಿ ಖಾತೆಗೆ ಬೀಗ. ಅವರ ದೃಷ್ಟಿಯಲ್ಲಿ ಅದು ಸರಿಯೇ. ಹದಿನೈದು ಸಾವಿರಕ್ಕೆ ಮಾರುವ ಸರಕನ್ನು ಐನೂರರ ಗಿರಾಕಿ ಹೊತ್ತುಕೊಂಡು ಹೋದರೆ ಯಾವ ಅಂಗಡಿಯವನು ಸುಮ್ಮನಿರುತ್ತಾನೆ? ಆದರೆ ಆ ಎರಡಕ್ಕೂ ಬಳಕೆಯಾಗುತ್ತಿದ್ದದ್ದು ಅದೇ ಫೋನ್ ತಂತಿ, ಅದೇ ಮೋಡೆಮ್. ಮೂವತ್ತು ಪಾಲು ಬೆಲೆ ಕೊಡಬೇಕಾದ್ದು ಯಾವುದಕ್ಕೆ ಅಂತ ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಇಂಟರ್ನೆಟ್ ಸೇವೆಯ ಬಾಗಿಲು ತೆರೆಯಿತು. ಬೆಲೆ ಇಳಿಯಿತು, ಶೆಲ್ ಖಾತೆ ಯಾರಿಗೂ ಬೇಡವಾಯಿತು. ಸ್ಲರ್ಪ್ ಕೂಡ ತಣ್ಣಗಾಯಿತು. ಗ್ಯಾಸ್ಪರೋವ್ಸ್ಕಿ ನಂತರ ಕೆಲಕಾಲ ಕೆಲ್ಲಿ ಪ್ರೈಸ್ ನೋಡಿಕೊಂಡರು. 1.0.16ರ ಬಳಿಕ ದೊಡ್ಡ ಬಿಡುಗಡೆಯೇ ಇಲ್ಲ. 2006ರಲ್ಲಿ 1.0.17 ಎಂದು ಒಂದು ತೇಪೆ ಬಂತು, ಅಷ್ಟೆ. ನಾನಂತೂ ಇದರ ಕತೆ ಮುಗಿಯಿತು ಅಂದುಕೊಂಡಿದ್ದೆ.

ಮುಗಿದಿರಲಿಲ್ಲ. ಫ್ರೆಂಚ್ ಪ್ರೋಗ್ರಾಮರ್ ಫ್ಯಾಬ್ರಿಸ್ ಬೆಲಾರ್ ಕ್ಯೂಎಮು ಬರೆದಾಗ ಅದೇ ಹಳೆಯ ಪ್ರಶ್ನೆ ಎದುರಾಯಿತು. ಒಳಗಿನ ಸುಳ್ಳು ಕಂಪ್ಯೂಟರಿಗೆ, ಯಜಮಾನನ ಅಧಿಕಾರವಿಲ್ಲದೆ, ಹೊರಗಿನ ಕಂಪ್ಯೂಟರಿನ ಹೆಸರಿನಲ್ಲಿ ಇಂಟರ್ನೆಟ್ ಕೊಡುವುದು ಹೇಗೆ? ಮೋಡೆಮ್ ಇಲ್ಲ ಅನ್ನುವುದು ಬಿಟ್ಟರೆ ಡೊಂಬಿವಲಿಯ ನನ್ನ ಕಷ್ಟವೇ. 2004ರಲ್ಲಿ ಸ್ಲರ್ಪ್‌ನ ಕೋಡು ಕ್ಯೂಎಮು ಒಳಗೆ ಸೇರಿತು. ವರ್ಚುಯಲ್‌ಬಾಕ್ಸ್ ಕೂಡ ಅದನ್ನು ತೆಗೆದುಕೊಂಡಿತು. 2019ರಲ್ಲಿ 'ಲಿಬ್‌ಸ್ಲರ್ಪ್' ಎಂದು ಪ್ರತ್ಯೇಕ ಮನೆ ಮಾಡಿತು, ಈಗಲೂ ಹೊಸ ಆವೃತ್ತಿಗಳು ಬರುತ್ತಿವೆ. 'ಪಾಡ್‌ಮ್ಯಾನ್' ಎಂಬ ಕಂಟೇನರ್ ತಂತ್ರಾಂಶವೂ ಸಾಮಾನ್ಯ ಬಳಕೆದಾರರಿಗೆ ಸ್ಲರ್ಪ್ ಸಂತಾನದ್ದೇ ಒಂದನ್ನು ಕೊಡುತ್ತಿತ್ತು, 2024ರ 5.0 ಆವೃತ್ತಿಯಲ್ಲಿ 'ಪಾಸ್ತಾ' ಎಂಬ ಬೇರೊಂದಕ್ಕೆ ಬದಲಾಯಿತು. ಈ ಎಲ್ಲ ವಲಸೆಯ ನಡುವೆಯೂ ಆ 10.0.2.15 ಅನ್ನು ಕ್ಯೂಎಮುವಿನವರೂ ವರ್ಚುಯಲ್‌ಬಾಕ್ಸಿನವರೂ ಬದಲಿಸಲಿಲ್ಲ.

ಪಿಂಗ್ ವಿಷಯಕ್ಕೆ ಬರುತ್ತೇನೆ, ಮಗ ಕಾಯುತ್ತಿದ್ದಾನೆ. ಪಿಂಗ್ ಪ್ಯಾಕೆಟ್ಟನ್ನು ನೇರವಾಗಿ ಕಳಿಸಲು ಯುನಿಕ್ಸಿನಲ್ಲಿ ರೂಟ್ ಅಧಿಕಾರ ಬೇಕಿತ್ತು. ಮಾವನಿಗೇ ಇಲ್ಲದ ಅಧಿಕಾರ ಅಳಿಯನಿಗೆಲ್ಲಿಂದ? ಹಾಗಾಗಿ ಸ್ಲರ್ಪ್ ಒಂದು ಉಪಾಯ ಮಾಡಿತ್ತು. ಪಿಂಗ್ ಬದಲು ಆಚೆಯ ಯಂತ್ರದ ಏಳನೆಯ ಪೋರ್ಟಿಗೆ, ಕಳಿಸಿದ್ದನ್ನೇ ತಿರುಗಿ ಕಳಿಸುವ 'ಎಕೋ' ಸೇವೆ ಇರುವಲ್ಲಿಗೆ, ಒಂದು ಚಿಕ್ಕ ಸಂದೇಶ ರವಾನಿಸುತ್ತಿತ್ತು. ಇದು ನಿಜವಾದ ಪಿಂಗ್ ಅಲ್ಲ, ಸ್ಲರ್ಪ್ ಮಾಡಿದ ನಕಲು ಅಂತ ಆ ಸಂದೇಶದಲ್ಲೇ ಪ್ರಾಮಾಣಿಕವಾಗಿ ಬರೆದಿತ್ತು. ಈಗ ಎಕೋ ಸೇವೆಯನ್ನು ಯಾರೂ ತೆರೆದಿಡುವುದಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರರಿಗೂ ಪಿಂಗ್ ಅನುಮತಿ ಕೊಡುವ ಒಂದು ಸೆಟ್ಟಿಂಗ್ ಇದೆ, ಮಗನ ಯಂತ್ರದಲ್ಲಿ ಅದು ಮುಚ್ಚಿತ್ತು. ತೆರೆದುಕೊಟ್ಟೆ. ಪಿಂಗ್ ಓಡಿತು.

"ನಿಂಗೆ ಇದು ಹೇಗೆ ಗೊತ್ತು?" ಅಂದ. ಐದು ಸೊನ್ನೆಯ ಕತೆ ಶುರುಮಾಡಿದೆ. ಅಷ್ಟರಲ್ಲಿ ಅವನ ಫೋನ್ ಬಂತು, ಎದ್ದು ಹೋದ.