‘ಇನ್’ ಎಂಬ ಎರಡು ಮುಖದ ಪ್ರತ್ಯಯ

ಪೆಟ್ರೋಲು ಸಾಗಿಸುವ ಟ್ಯಾಂಕರುಗಳ ಬೆನ್ನಿನ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ತಾವೆಲ್ಲರೂ ಕಂಡಿರುತ್ತೀರಿ. ಬಹಳ ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಕೇಳಿದ: “ಸಾರ್, ಇನ್‌ಕರೆಕ್ಟ್ ಎಂದರೆ ಸರಿಯಲ್ಲದ್ದು. ಹಾಗಾದರೆ ಇನ್‌ಫ್ಲೇಮಬಲ್ ಎಂದರೆ ಹೊತ್ತಿಕೊಳ್ಳದ್ದು ಎಂದಲ್ಲವೇ?” ತರಗತಿಯೆಲ್ಲ ನಕ್ಕಿತು; ಅಂದು ನಾನೂ ನಕ್ಕೆ. ಆದರೆ ಆ ತರ್ಕವನ್ನು ನಂಬಿ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಗತಿಯೇನೆಂದು ಆಮೇಲೆ ಯೋಚಿಸಿದೆ.

ಇಂಗ್ಲಿಷಿನಲ್ಲಿ ನಿಷೇಧವನ್ನು ಸೂಚಿಸುವ ಮೂರು ಪೂರ್ವಪ್ರತ್ಯಯಗಳು ಮುಖ್ಯವಾದವು. ‘ಅನ್‌ಹ್ಯಾಪಿ’ಯಲ್ಲಿರುವ ‘ಅನ್’ ಆ ಭಾಷೆಯ ಹುಟ್ಟುಸ್ವತ್ತು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅರಮನೆಯ ಭಾಷೆಯಾಯಿತು. ಅದರ ಮೂಲಕವೂ ಪಂಡಿತರ ಲ್ಯಾಟಿನ್ನಿನಿಂದಲೂ ‘ಇನ್’ ಬಂದು ಸೇರಿತು. ಮುಂದಿನ ಅಕ್ಷರಕ್ಕೆ ತಕ್ಕಂತೆ ಅದು ‘ಇಂಪಾಸಿಬಲ್’, ‘ಇಲ್ಲೀಗಲ್’ ಎಂದು ರೂಪ ಬದಲಿಸುತ್ತದೆ. ‘ಉತ್’ ಎಂಬುದು ‘ಲಾಸ’ದೊಡನೆ ಕೂಡಿ ‘ಉಲ್ಲಾಸ’ವಾಗುವುದನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಮೂರನೆಯದು ಗ್ರೀಕರದು: ವ್ಯಂಜನದ ಹಿಂದೆ ‘ಅ’, ಸ್ವರದ ಹಿಂದೆ ‘ಅನ್’. ಕತ್ತರಿಸಲಾಗದ್ದೆಂಬ ಅರ್ಥದ ‘ಆಟಂ’, ಅರಸೊತ್ತಿಗೆಯಿಲ್ಲದ ‘ಅನಾರ್ಕಿ’ ಇದಕ್ಕೆ ನಿದರ್ಶನಗಳು. ಸಂಸ್ಕೃತದ ‘ಅಧರ್ಮ’, ‘ಅನಾದಿ’ಗಳದೂ ಇದೇ ನಿಯಮ!

ಇದು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಬಹುಶಃ ಈಗ ಉಳಿದಿಲ್ಲದ ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರ ಫೆಬ್ರವರಿ 2ರಂದು ಹೇಳಿದರು. ಈ ಮೂರೂ ಪ್ರತ್ಯಯಗಳು ಸಂಸ್ಕೃತದ ‘ಅ’ಕಾರದೊಡನೆ ಒಂದೇ ಬೇರಿನ ಚಿಗುರುಗಳೆಂದು ಮುಂದೆ ಭಾಷಾವಿಜ್ಞಾನಿಗಳು ತೋರಿಸಿಕೊಟ್ಟರು. ಅಚ್ಚಗನ್ನಡದ ದಾರಿಯೇ ಬೇರೆ: ‘ಅರಿಯದು’, ‘ಬಾರದು’ ಎಂದು ನಮ್ಮ ನುಡಿ ‘ಇಲ್ಲ’ವೆಂಬುದನ್ನು ಪದದ ಕೊನೆಯಲ್ಲಿ ಹೇಳುತ್ತದೆ.

ಹಾಗಾದರೆ ‘ಇನ್‌ಫ್ಲೇಮಬಲ್’ ಪದದ ಗುಟ್ಟೇನು? ಲ್ಯಾಟಿನ್ನಿನಲ್ಲಿ ‘ಒಳಗೆ’ ಎಂಬರ್ಥದ ಇನ್ನೊಂದು ‘ಇನ್’ ಇದೆ. ಉರಿ ಹೊತ್ತಿಸುವುದೆಂಬ ಅರ್ಥದ ‘ಇನ್‌ಫ್ಲಮಾರೆ’ ಧಾತುವಿನಲ್ಲಿರುವುದು ಅದೇ. ರೂಪ ಒಂದೇ, ಅರ್ಥ ಎರಡು. ಈ ಗೊಂದಲ ಪ್ರಾಣಕ್ಕೆ ಎರವಾದೀತೆಂದು ಕಳವಳಗೊಂಡು, 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಸ್ಥೆಯು ಎಚ್ಚರಿಕೆಯ ಬರಹಗಳಲ್ಲಿ ‘ಫ್ಲೇಮಬಲ್’ ಎಂದೇ ಬರೆಯಬೇಕೆಂದು ಒತ್ತಾಯಿಸಿತು.

ಬೆಂಕಿ ನಂದಿಸುವವರು ಆ ಹುಡುಗನ ಶಂಕೆಯನ್ನು ನಗುವಿಗೆ ಬಿಡಲಿಲ್ಲ, ಪದವನ್ನೇ ತಿದ್ದಿದರು. ಅವನಿಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರ ಇದು.