ಸಾಕಿದ ಸಲಮಾಂಡರಿನ ಶುಶ್ರೂಷೆ: ಒಂದು ಚಾರಿತ್ರಿಕ ಸಮೀಕ್ಷೆ

ಪಶುವೈದ್ಯದ ಇತಿಹಾಸವೆಂದರೆ ಬಹುಮಟ್ಟಿಗೆ ಮನುಷ್ಯನಿಗಾಗಿ ದುಡಿಯುವ ಪ್ರಾಣಿಗಳ ವೈದ್ಯದ ಇತಿಹಾಸವೇ ಆಗಿದೆ. ಕುದುರೆ, ಆನೆ, ದನಕರುಗಳ ವ್ಯಾಧಿಗಳನ್ನು ಕುರಿತು ಪ್ರಾಚೀನ ಕಾಲದಲ್ಲಿಯೇ ಶಾಸ್ತ್ರಗ್ರಂಥಗಳು ಹುಟ್ಟಿದವು. ಯಾವ ದುಡಿಮೆಗೂ ಒದಗದೆ, ನೋವನ್ನು ಧ್ವನಿಯಿಂದ ತಿಳಿಸಲೂ ಆರದೆ, ಗಾಜಿನ ತೊಟ್ಟಿಯ ತಳದಲ್ಲಿ ಮಲಗಿರುವ ಒಂದು ಜೀವಿಯನ್ನು ಉಪಚರಿಸುವ ವಿದ್ಯೆ ಬೆಳೆದ ಬಗೆ ಬೇರೆಯಾದುದು. ಸಲಮಾಂಡರ್ ಎಂಬ ಉಭಯಚರ ಪ್ರಾಣಿಯನ್ನು, ಅದರಲ್ಲಿಯೂ ಮೆಕ್ಸಿಕೋ ದೇಶದ ಆಕ್ಸೊಲಾಟಲ್ ಎಂಬ ಜಾತಿಯನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಆ ಬೆಳವಣಿಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರಾಣಿಯ ಗಾಯವು ತಾನಾಗಿಯೇ ಮಾಯುತ್ತದೆ. ಅದರ ಕಾಯಿಲೆಯಾದರೋ ಬಹುಪಾಲು ಸಾಕುವವನ ಪಾತ್ರೆಯಿಂದಲೇ ಬರುತ್ತದೆ. ಈ ಎರಡನೆಯ ಸತ್ಯವನ್ನು ಮನಗಾಣಲು ಮನುಷ್ಯನಿಗೆ ದೀರ್ಘಕಾಲ ಹಿಡಿಯಿತು.

೧. ವಿಸ್ಮಯದ ಯುಗ

ದಕ್ಷಿಣ ಭಾರತದಲ್ಲಿ ಸಲಮಾಂಡರುಗಳಿಲ್ಲ. ಆದುದರಿಂದ ಅದರ ಆಕಾರವನ್ನು ಇಲ್ಲಿ ಸ್ವಲ್ಪ ಹೇಳಬೇಕಾಗುತ್ತದೆ. ನೋಟಕ್ಕೆ ಹಲ್ಲಿಯಂತಿದ್ದರೂ ಅದು ಕಪ್ಪೆಯ ಬಂಧು, ಮೈಮೇಲೆ ಹುರುಪೆಗಳಿಲ್ಲ, ಚರ್ಮ ತೇವವಾಗಿದ್ದು ನೀರನ್ನೂ ವಾಯುವನ್ನೂ ಹೀರಿಕೊಳ್ಳುತ್ತದೆ. ಆಕ್ಸೊಲಾಟಲ್ ಜಾತಿಯಲ್ಲಿ ಇನ್ನೊಂದು ವಿಶೇಷವುಂಟು. ಅದು ಡಿಂಭಾವಸ್ಥೆಯನ್ನು ದಾಟದೆ, ಕತ್ತಿನ ಇಕ್ಕೆಲಗಳಲ್ಲಿ ಗರಿಯಂತಹ ಕಿವಿರುಗಳನ್ನು ಹೊತ್ತುಕೊಂಡೇ ಪ್ರೌಢವಾಗಿ ಸಂತಾನವನ್ನು ಪಡೆಯುತ್ತದೆ.

ಯೂರೋಪಿನ ಪ್ರಾಚೀನರು ಸಲಮಾಂಡರನ್ನು ಕುರಿತು ತಿಳಿದದ್ದಕ್ಕಿಂತ ಕಲ್ಪಿಸಿದ್ದೇ ಹೆಚ್ಚು. ಅದರ ಮೈ ಎಷ್ಟು ತಣ್ಣಗಿದೆಯೆಂದರೆ ಸ್ಪರ್ಶಮಾತ್ರದಿಂದ ಬೆಂಕಿಯನ್ನು ಆರಿಸಬಲ್ಲದೆಂದು ರೋಮಿನ ಪ್ಲಿನಿಯು ಬರೆದನು. ಬೆಂಕಿಗೂ ಜಗ್ಗದ ಪ್ರಾಣಿಗೆ ಉಪಚಾರವೇಕೆ? ಹದಿನೆಂಟನೆಯ ಶತಮಾನದಲ್ಲಿ ಈ ಕಲ್ಪನೆಯ ಸ್ಥಾನವನ್ನು ಪ್ರಯೋಗವು ಆಕ್ರಮಿಸಿತು. ಇಟಲಿಯ ಲಾಜರೋ ಸ್ಪಲ್ಲಾಂಜಾನಿಯು ಸಲಮಾಂಡರುಗಳ ಕಾಲನ್ನೂ ಬಾಲವನ್ನೂ ಕತ್ತರಿಸಿ, ಅವು ಮೂಳೆಸಹಿತವಾಗಿ ಮತ್ತೆ ಬೆಳೆಯುವುದನ್ನು ೧೭೬೮ರಲ್ಲಿ ಪ್ರಕಟಿಸಿದನು. ವಿದ್ವತ್ಪ್ರಪಂಚ ಬೆರಗಾಯಿತು. ಆದರೆ ಇಲ್ಲಿಯೂ ಪ್ರಾಣಿಯ ಗಾಯವು ನೋಡತಕ್ಕ ವಸ್ತುವಾಯಿತೇ ಹೊರತು ಆರೈಕೆಗೆ ವಿಷಯವಾಗಲಿಲ್ಲ. ತನ್ನ ಅಂಗವನ್ನು ತಾನೇ ಬೆಳೆಸಿಕೊಳ್ಳಬಲ್ಲ ಜೀವಿಗೆ ವೈದ್ಯನ ಅಗತ್ಯವಿಲ್ಲವೆಂಬ ಭಾವನೆ ಈ ವಿಸ್ಮಯದಿಂದ ಬಲಗೊಂಡಿತೆಂದು ಹೇಳಬಹುದು.

೨. ಷೋಚಿಮಿಲ್ಕೋದಿಂದ ಪ್ಯಾರಿಸಿಗೆ

ಆಕ್ಸೊಲಾಟಲಿನ ತವರು ಮೆಕ್ಸಿಕೋ ಕಣಿವೆಯ ಷೋಚಿಮಿಲ್ಕೋ ಮತ್ತು ಚಾಲ್ಕೋ ಸರೋವರಗಳು. ಅದರ ಹೆಸರು ಅಲ್ಲಿನ ನಹುವಾಟಲ್ ಭಾಷೆಯದು. ಸ್ಪೇನಿನವರು ಬರುವುದಕ್ಕೆ ಮುಂಚಿನಿಂದಲೂ ಅಲ್ಲಿಯ ಜನರಿಗೆ ಅದು ಆಹಾರವಾಗಿತ್ತು. ಫ್ರಾನ್ಸಿನ ಸೈನ್ಯವು ಮೆಕ್ಸಿಕೋದಲ್ಲಿ ದಂಡಯಾತ್ರೆ ನಡೆಸುತ್ತಿದ್ದ ಕಾಲದಲ್ಲಿ ೩೪ ಆಕ್ಸೊಲಾಟಲುಗಳು ಸಜೀವವಾಗಿ ಪ್ಯಾರಿಸ್ ನಗರವನ್ನು ಮುಟ್ಟಿದವು. ೧೮೬೪ರಲ್ಲಿ ಅವುಗಳಲ್ಲಿ ಆರು, ಎಂದರೆ ಐದು ಗಂಡು ಮತ್ತು ಒಂದು ಹೆಣ್ಣು, ಅಲ್ಲಿನ ಪ್ರಕೃತಿವಿಜ್ಞಾನ ಸಂಗ್ರಹಾಲಯದ ಪ್ರಾಧ್ಯಾಪಕನಾದ ಆಗಸ್ಟ್ ದ್ಯುಮೆರಿಲನ ವಶಕ್ಕೆ ಬಂದವು.

ಮರುವರ್ಷವೇ ಅವು ಮೊಟ್ಟೆಯಿಟ್ಟವು. ಹುಟ್ಟಿದ ಮರಿಗಳಲ್ಲಿ ಕೆಲವು ಅನಿರೀಕ್ಷಿತವಾಗಿ ಕಿವಿರುಗಳನ್ನು ಕಳೆದುಕೊಂಡು ನೆಲದ ಸಲಮಾಂಡರಿನ ರೂಪವನ್ನು ತಾಳಿದವು. ಇದರ ಕಾರಣವನ್ನರಿಯಲು ದ್ಯುಮೆರಿಲನು ಕೆಲವು ಪ್ರಾಣಿಗಳ ಕಿವಿರುಗಳನ್ನು ಕತ್ತರಿಸಿಯೂ ನೋಡಿದನು. ಆತನು ಮರಿಗಳನ್ನು ಧಾರಾಳವಾಗಿ ಇತರರಿಗೆ ಹಂಚಿದುದರಿಂದ ಆಕ್ಸೊಲಾಟಲ್ ಯೂರೋಪಿನ ಪ್ರಯೋಗಶಾಲೆಗಳಲ್ಲಿಯೂ ಹವ್ಯಾಸಿಗಳ ಮನೆಗಳಲ್ಲಿಯೂ ನೆಲೆಗೊಂಡಿತು. ತವರಿನಿಂದ ಬಹುದೂರದಲ್ಲಿ, ತಲೆಮಾರುಗಳ ಪರ್ಯಂತ, ಮನುಷ್ಯನು ತುಂಬಿದ ನೀರಿನಲ್ಲಿಯೇ ಅದು ಬಾಳಬೇಕಾಯಿತು. ಶುಶ್ರೂಷೆಯ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿಂದ.

೩. ಆರೈಕೆಯೇ ಪ್ರಮಾಣವಾದ ಪ್ರಸಂಗ

ಫ್ರೈಬರ್ಗಿನ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ಆಗಸ್ಟ್ ವೈಸ್‌ಮನ್ನನಿಗೆ ಈ ರೂಪಪರಿವರ್ತನೆಯು ವಿಕಾಸವಾದದ ದೃಷ್ಟಿಯಿಂದ ಮಹತ್ತ್ವದ ಪ್ರಶ್ನೆಯಾಗಿ ಕಂಡಿತು. ಆತನ ಸ್ವಂತ ಪ್ರಯತ್ನಗಳು ಫಲಿಸಲಿಲ್ಲ. ಆಗ ಆತನು ಆ ಕಾರ್ಯವನ್ನು ಮರೀ ಫಾನ್ ಶೋವ್ಯಾಂ ಎಂಬ ಮಹಿಳೆಗೆ ಒಪ್ಪಿಸಿದನು. ಆಕೆಯು ಐದು ಮರಿಗಳನ್ನು ಸಾಕಿ, ಅವುಗಳಿಗೆ ಪುಷ್ಟಿಯಾದ ಆಹಾರವನ್ನಿತ್ತು, ನೀರಿನ ಆಳವನ್ನು ಕ್ರಮಕ್ರಮವಾಗಿ ತಗ್ಗಿಸುತ್ತ, ಒದ್ದೆಯಾದ ಪಾಚಿಯ ಆಸರೆಯನ್ನೊದಗಿಸಿ, ಗಾಳಿಯಲ್ಲಿ ಉಸಿರಾಡುವುದನ್ನು ಅಭ್ಯಾಸಮಾಡಿಸಿದರು. ಪರಿವರ್ತನೆ ಸಿದ್ಧಿಸಿತು. ವೈಸ್‌ಮನ್ನನು ೧೮೭೫ರಲ್ಲಿ ಅದನ್ನು ಪ್ರಕಟಪಡಿಸಿದನು.

ವಿಜ್ಞಾನದ ಇತಿಹಾಸಕಾರರು ಈ ಪ್ರಸಂಗವನ್ನು ವಿಕಾಸವಾದದ ಒಂದು ಅಧ್ಯಾಯವಾಗಿ ಓದುವುದು ವಾಡಿಕೆ. ಶುಶ್ರೂಷೆಯ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವುಂಟು. ಮರಿಯು ಆರೋಗ್ಯವಾಗಿ ಹುಟ್ಟಿ ಸರಿಯಾದ ಪೋಷಣೆಯನ್ನು ಪಡೆದರೆ ಪರಿವರ್ತನೆಯನ್ನು ಮುಗಿಸಬಲ್ಲದೆಂಬುದೇ ಆಕೆಯ ನಿರ್ಣಯದ ಸಾರ. ಬಳಲಿದ ಪ್ರಾಣಿಯಿಂದ ಪಡೆದ ಉತ್ತರವು ಪ್ರಕೃತಿಯ ಉತ್ತರವಲ್ಲ, ಬಳಲಿಕೆಯ ಉತ್ತರ. ದೊಡ್ಡ ಸಿದ್ಧಾಂತದ ಪರೀಕ್ಷೆಯೊಂದು ದಿನನಿತ್ಯದ ಆರೈಕೆಯ ಮೇಲೆ ನಿಂತಿತ್ತೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು. ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದರೆ ಆಕ್ಸೊಲಾಟಲ್ ಪರಿವರ್ತನೆ ಹೊಂದುತ್ತದೆಂಬುದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಜೂಲಿಯನ್ ಹಕ್ಸ್‌ಲಿಯು ೧೯೨೦ರಲ್ಲಿ ಇದನ್ನು ಪ್ರಕಟಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸದ್ದಾಯಿತು.

೪. ನೀರೇ ಮೊದಲ ಔಷಧ

ಪ್ರಯೋಗಶಾಲೆಗಳಲ್ಲಿ ಈ ಪ್ರಾಣಿಗಳ ದೊಡ್ಡ ಸಮುದಾಯಗಳನ್ನು ಸಾಕತೊಡಗಿದ ಮೇಲೆ ಅನುಭವವು ಶಾಸ್ತ್ರದ ರೂಪವನ್ನು ಪಡೆಯಿತು. ಅಮೆರಿಕದ ರೂಫಸ್ ಹಂಫ್ರಿಯು ತನ್ನ ಆಕ್ಸೊಲಾಟಲುಗಳೊಡನೆ ೧೯೫೭ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಬಂದನು. ಅಲ್ಲಿ ಬೆಳೆದ ಸಂಗ್ರಹವು ೨೦೦೫ರಲ್ಲಿ ಕೆಂಟಕಿ ವಿಶ್ವವಿದ್ಯಾನಿಲಯಕ್ಕೆ ವರ್ಗವಾಯಿತು. ಜರ್ಮನಿಯ ಯೊಹಾನ್ನಸ್ ಹೋಲ್ಟ್‌ಫ್ರೆಟರನು ಭ್ರೂಣಗಳಿಗಾಗಿ ರೂಪಿಸಿದ್ದ ಲವಣದ್ರಾವಣವನ್ನು ತೆಳುವಾಗಿಸಿ ಪ್ರೌಢಪ್ರಾಣಿಗಳ ವಾಸಕ್ಕೂ ಬಳಸುವ ಪದ್ಧತಿ ಇಂತಹ ಸ್ಥಳಗಳಲ್ಲಿ ರೂಢವಾಯಿತು.

ಈ ಅನುಭವದಿಂದ ಸಿದ್ಧವಾದ ನಿಯಮಗಳು ಸರಳವಾಗಿವೆ. ಆಕ್ಸೊಲಾಟಲಿಗೆ ತಂಪಾದ ನೀರು ಬೇಕು. ೧೬ರಿಂದ ೧೮ ಡಿಗ್ರಿ ಸೆಲ್ಷಿಯಸ್ ಉತ್ತಮ, ೨೪ ಡಿಗ್ರಿಯನ್ನು ಮೀರಿದ ಶಾಖವು ಹಾನಿಕರ. ಪ್ರಾಣಿಯ ಮಲಮೂತ್ರಗಳಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾ ಅದರ ಕಿವಿರುಗಳನ್ನು ಸುಡುತ್ತದೆ. ನಲ್ಲಿಯ ನೀರಿನ ಕ್ಲೋರಿನ್ನೂ ಹಾಗೆಯೇ. ತೊಟ್ಟಿಯ ತಳದ ಜಲ್ಲಿಯನ್ನು ಆಹಾರದೊಡನೆ ನುಂಗಿ ಕರುಳು ಕಟ್ಟಿಕೊಳ್ಳುವುದುಂಟು. ನೀರು ಕೆಟ್ಟು ಮೈ ಸೋತಾಗ ಕಿವಿರುಗಳ ಮೇಲೆ ಹತ್ತಿಯಂತಹ ಬಿಳಿಯ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡೊಡನೆ ಉಪ್ಪುನೀರಿನ ಅಲ್ಪಕಾಲದ ಸ್ನಾನವನ್ನು ಮಾಡಿಸುವುದು ಹಳೆಯ ಕ್ರಮ. ಆದರೆ ಸ್ನಾನದ ಬಳಿಕ ಅದೇ ಕೆಟ್ಟ ನೀರಿಗೆ ಹಿಂತಿರುಗಿಸಿದರೆ ಪ್ರಯೋಜನವಿಲ್ಲ. ಮೀನುಗಳಿಗೆಂದು ಮಾಡಿದ ಔಷಧಗಳಲ್ಲಿ ಕೆಲವು, ವಿಶೇಷವಾಗಿ ತಾಮ್ರವುಳ್ಳವು, ಈ ತೆಳುಚರ್ಮದ ಮೂಲಕ ಒಳಹೊಕ್ಕು ವಿಷವಾಗುತ್ತವೆ.

ಗಾಯದ ವಿಷಯ ಬೇರೆ. ಮರಿಗಳು ಹಸಿದಾಗ ಒಂದರ ಕಾಲನ್ನೊಂದು ಕಚ್ಚಿಹಾಕುತ್ತವೆ. ಅಂತಹ ಗಾಯವನ್ನು ಹೊಸ ಚರ್ಮವು ಬೇಗನೆ ಮುಚ್ಚಿ, ಅದರ ಕೆಳಗೆ ಜೀವಕೋಶಗಳ ಮೊಗ್ಗೊಂದು ಮೂಡಿ, ಕಾಲಕ್ರಮದಲ್ಲಿ ಬೆರಳುಗಳ ಸಹಿತ ಕಾಲು ಬೆಳೆಯುತ್ತದೆ. ಇಲ್ಲಿ ಸಾಕುವವನ ಕರ್ತವ್ಯವಿಷ್ಟೆ: ಪ್ರಾಣಿಯನ್ನು ಬೇರೆ ಪಾತ್ರೆಯಲ್ಲಿಡುವುದು, ನೀರನ್ನು ಶುದ್ಧವಾಗಿಯೂ ತಂಪಾಗಿಯೂ ಇಡುವುದು, ಕೈಯಿಂದ ಮುಟ್ಟದಿರುವುದು. ಸ್ಪಲ್ಲಾಂಜಾನಿಯ ಕಾಲದ ವಿಸ್ಮಯವು ಸುಳ್ಳಲ್ಲ. ಆದರೆ ಕಾಲನ್ನೇ ಮರಳಿ ಬೆಳೆಸುವ ಪ್ರಾಣಿಯು ಒಂದು ಪಾತ್ರೆ ಕೊಳೆತ ನೀರಿನೆದುರು ನಿಸ್ಸಹಾಯವೆಂಬುದು ಅದರ ಜೊತೆಗೆ ಸೇರಿಸಬೇಕಾದ ಮಾತು.

೫. ಮನೆಯ ತೊಟ್ಟಿಯಿಂದ ಕಾಡಿಗೆ

ಇತ್ತೀಚಿನವರೆಗೆ ಸಾಕುಪ್ರಾಣಿಯ ಕಾಯಿಲೆಯು ಅದರ ಒಡೆಯನ ಖಾಸಗಿ ಚಿಂತೆಯೆನಿಸಿತ್ತು. ೨೦೧೦ರ ಸುಮಾರಿಗೆ ನೆದರ್ಲೆಂಡ್ಸಿನ ಕಾಡೊಂದರಲ್ಲಿ ಅಗ್ನಿ ಸಲಮಾಂಡರುಗಳು ತೀವ್ರವಾಗಿ ನಶಿಸತೊಡಗಿದವು. ಅವುಗಳ ಚರ್ಮವನ್ನು ತಿಂದುಹಾಕುತ್ತಿದ್ದ ಒಂದು ಶಿಲೀಂಧ್ರವನ್ನು ೨೦೧೩ರಲ್ಲಿ ಗುರುತಿಸಿ, 'ಸಲಮಾಂಡರ್ ಭಕ್ಷಕ' ಎಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟರು. ಅದರ ಮೂಲ ಏಷ್ಯಾ ಖಂಡವೆಂದೂ, ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಯೂರೋಪನ್ನು ಹೊಕ್ಕಿರಬೇಕೆಂದೂ ವಿದ್ವಾಂಸರು ಅಭಿಪ್ರಾಯಪಟ್ಟರು. ರೋಗ ಹಿಡಿದ ಅಗ್ನಿ ಸಲಮಾಂಡರುಗಳನ್ನು ೨೫ ಡಿಗ್ರಿ ಶಾಖದಲ್ಲಿ ಹತ್ತು ದಿನ ಇರಿಸಿದರೆ ಶಿಲೀಂಧ್ರವು ನಾಶವಾಗುತ್ತದೆಂದು ೨೦೧೫ರಲ್ಲಿ ತೋರಿಸಲಾಯಿತು. ಅಷ್ಟು ಶಾಖವನ್ನು ಎಲ್ಲ ಜಾತಿಗಳೂ ಸಹಿಸಲಾರವು. ಕಾಡಿನ ಪ್ರಾಣಿಗಳಿಗಂತೂ ಈ ಚಿಕಿತ್ಸೆಯನ್ನು ಮಾಡುವಂತಿಲ್ಲ. ೨೦೧೬ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ೨೦೧ ಜಾತಿಯ ಸಲಮಾಂಡರುಗಳ ಆಮದನ್ನು ನಿಷೇಧಿಸಿತು. ಹೊಸದಾಗಿ ತಂದ ಪ್ರಾಣಿಯನ್ನು ಪ್ರತ್ಯೇಕವಾಗಿಡುವುದು, ರೋಗಿಯಿದ್ದ ತೊಟ್ಟಿಯ ನೀರನ್ನು ಹಳ್ಳಕೊಳ್ಳಗಳಿಗೆ ಚೆಲ್ಲದಿರುವುದು, ಸಾಕಿದುದನ್ನು ಹೊರಗೆ ಬಿಡದಿರುವುದು, ಇವು ಶುಶ್ರೂಷೆಯ ಅಂಗಗಳಾದದ್ದು ಈ ದುರಂತದಿಂದ.

೬. ಉಪಸಂಹಾರ

ತವರಿನಲ್ಲಿ ಆಕ್ಸೊಲಾಟಲಿನ ಸ್ಥಿತಿ ಶೋಚನೀಯವಾಗಿದೆ. ಚಾಲ್ಕೋ ಸರೋವರವನ್ನು ಬರಿದುಮಾಡಲಾಯಿತು. ಷೋಚಿಮಿಲ್ಕೋದಲ್ಲಿ ಕಾಲುವೆಗಳಷ್ಟೇ ಉಳಿದಿದ್ದು, ನಗರದ ಕೊಳಚೆಯೂ ಹೊರಗಿನಿಂದ ತಂದುಬಿಟ್ಟ ಕಾರ್ಪ್, ತಿಲಾಪಿಯಾ ಮೀನುಗಳೂ ಅಲ್ಲಿ ತುಂಬಿಕೊಂಡವು. ಚದರ ಕಿಲೋಮೀಟರಿಗೆ ೧೯೯೮ರಲ್ಲಿ ಸುಮಾರು ೬,೦೦೦ ಇದ್ದ ಪ್ರಾಣಿಗಳು ೨೦೧೪ರ ಗಣತಿಯಲ್ಲಿ ೩೬ಕ್ಕೆ ಇಳಿದವು. ಅದೇ ವೇಳೆಗೆ ಪ್ರಪಂಚದ ಪ್ರಯೋಗಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಅದರ ಸಂತತಿ ವಿಪುಲವಾಗಿತ್ತು.

ಇದರೊಡನೆ ಮೆಕ್ಸಿಕೋದ ಪಾಟ್ಸ್‌ಕ್ವಾರೋ ಪಟ್ಟಣದ ನಿದರ್ಶನವನ್ನು ಹೋಲಿಸಬಹುದು. ಅಲ್ಲಿನ ಸರೋವರದಲ್ಲಿ ಮಾತ್ರ ವಾಸಿಸುವ 'ಅಚೋಕೆ' ಎಂಬ ಸಲಮಾಂಡರಿಗೆ ದ್ಯುಮೆರಿಲನ ಹೆಸರನ್ನೇ ಇಡಲಾಗಿದೆ. ಅಲ್ಲಿಯ ಡೊಮಿನಿಕನ್ ಸಂನ್ಯಾಸಿನಿಯರು ಈ ಪ್ರಾಣಿಯಿಂದ ಕೆಮ್ಮಿನ ಔಷಧವನ್ನು ತಯಾರಿಸುತ್ತಿದ್ದರು. ಸರೋವರದಲ್ಲಿ ಅದು ವಿರಳವಾದಾಗ ಮಠದೊಳಗೆ ತೊಟ್ಟಿಗಳನ್ನಿಟ್ಟು ತಾವೇ ಸಾಕತೊಡಗಿದರು. ಮನುಷ್ಯರ ಕಾಯಿಲೆಗೆ ಬಲಿಯಾಗುತ್ತಿದ್ದ ಜೀವಿಯ ಉಳಿವು ಹೀಗೆ ಆ ಮನುಷ್ಯರ ಆರೈಕೆಯನ್ನೇ ಅವಲಂಬಿಸುವಂತಾಯಿತು.

ಈ ಎರಡು ನಿದರ್ಶನಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ತೊಟ್ಟಿಯನ್ನು ಕುರಿತು ಸಾಕುವವನು ಕಲಿತ ಪಾಠವೇ ಸರೋವರಕ್ಕೂ ಅನ್ವಯಿಸುತ್ತದೆ. ರೋಗಿಯ ಮೈಯನ್ನು ಪರೀಕ್ಷಿಸುವ ಮೊದಲು ಅದು ಬಾಳುವ ನೀರನ್ನು ಪರೀಕ್ಷಿಸಬೇಕು. ಮನೆಯ ತೊಟ್ಟಿಯ ನೀರನ್ನು ಬದಲಿಸುವುದು ಒಬ್ಬನ ಕೈಯಲ್ಲಿದೆ. ಷೋಚಿಮಿಲ್ಕೋದ ನೀರನ್ನು ಸರಿಪಡಿಸುವುದು ಒಂದು ಮಹಾನಗರದ ಕೈಯಲ್ಲಿದೆ. ಆ ಕೆಲಸ ಇನ್ನೂ ಮುಗಿದಿಲ್ಲ.