ಭಾರತದ ಹವಳದ ದಿಬ್ಬಗಳು: ಒಂದೊಂದು ಕಡಲಿಗೆ ಒಂದೊಂದು ಬದುಕು

ಭಾರತದಲ್ಲಿ ಹವಳದ ದಿಬ್ಬಗಳು ದೊಡ್ಡದಾಗಿ ಬೆಳೆದಿರುವುದು ನಾಲ್ಕು ಕಡೆ: ಗುಜರಾತಿನ ಕಛ್ ಕೊಲ್ಲಿ, ತಮಿಳುನಾಡಿನ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಅರಬ್ಬಿ ಸಮುದ್ರದ ಲಕ್ಷದ್ವೀಪ, ಬಂಗಾಳ ಕೊಲ್ಲಿಯ ಅಂಡಮಾನ್ ಮತ್ತು ನಿಕೋಬಾರ್. ಹವಳದ ಜಾತಿ, ಅಲ್ಲಿ ಮೇಯುವ ಮೀನು, ತಳಕ್ಕೆ ಅಂಟಿಕೊಂಡ ಸ್ಪಂಜು, ಕಡಲಪಾಚಿ, ಕಡಲಹುಲ್ಲು ಇವೆಲ್ಲ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹವಳವನ್ನು ಉಳಿಸಲಾಗದು.

ವ್ಯತ್ಯಾಸ ಏಕೆ?

ಹವಳ ಒಂದು ಪ್ರಾಣಿ. ಅದರ ಒಡಲೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದನ್ನು ಸಾಕುತ್ತದೆ. ಆದ್ದರಿಂದ ತಿಳಿನೀರು, ಬೆಳಕು, ಹದವಾದ ಬಿಸಿ ಮತ್ತು ಉಪ್ಪಿನಂಶ ಇದ್ದಲ್ಲಿ ಮಾತ್ರ ದಿಬ್ಬ ಚೆನ್ನಾಗಿ ಬೆಳೆಯುತ್ತದೆ. ಹೂಳು ಹೆಚ್ಚಾದರೆ ಬೆಳಕು ಕುಗ್ಗಿ, ತಾಳಿಕೆಯುಳ್ಳ ಜಾತಿಗಳಷ್ಟೇ ಉಳಿಯುತ್ತವೆ. ಅಲೆಗಳ ಹೊಡೆತವೂ ಯಾವ ಆಕಾರದ ಹವಳ ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುತ್ತದೆ. ಹವಳದ ಮರಿಗಳು ಪ್ರವಾಹದಲ್ಲಿ ತೇಲಿಬಂದು ನೆಲೆಗೊಳ್ಳುವುದರಿಂದ, ಜಾತಿಗಳು ಹೇರಳವಾಗಿರುವ ಕಡಲಿಗೆ ಹತ್ತಿರವಿರುವುದೂ ಮುಖ್ಯ.

ತಳವನ್ನು ಅನುಸರಿಸಿ ಮೀನು. ಹಲವು ಚಿಟ್ಟೆಮೀನುಗಳ ಆಹಾರವೇ ಹವಳ. ಕವಲೊಡೆದ ಹವಳದ ಸಂದುಗಳು ಪುಟ್ಟ ಮೀನುಗಳಿಗೆ ಆಸರೆ. ಗಿಳಿಮೀನುಗಳು ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿಂದು, ಹೊಸ ಹವಳ ಅಂಟಿಕೊಳ್ಳಲು ಜಾಗ ಮಾಡಿಕೊಡುತ್ತವೆ.

ಕಛ್ ಕೊಲ್ಲಿ: ಕಷ್ಟಸಹಿಷ್ಣುಗಳ ನೆಲೆ

ಇಲ್ಲಿ ಭರತ ಇಳಿತಗಳ ಅಂತರ ಹಲವು ಮೀಟರ್. ನೀರು ಇಳಿದಾಗ ಹವಳ ಬಿಸಿಲಿಗೆ ತೆರೆದುಕೊಳ್ಳುತ್ತದೆ. ನೀರು ಕೆಸರು, ಉಪ್ಪು ಹೆಚ್ಚು, ಚಳಿಗಾಲಕ್ಕೂ ಬೇಸಿಗೆಗೂ ತಾಪಮಾನದ ಏರಿಳಿತ ದೊಡ್ಡದು. ಗುಂಡುಕಲ್ಲಿನಂತೆ ಬೆಳೆಯುವ ಗಟ್ಟಿ ಹವಳಗಳು ಇದನ್ನೆಲ್ಲ ತಡೆದುಕೊಂಡಿವೆ. ನಾಜೂಕಾದ ಕವಲು ಹವಳ ವಿರಳ. ದೇಶದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದು 1982ರಲ್ಲಿ, ಇಲ್ಲೇ. ಜಾಮ್‌ನಗರದ ಬಳಿಯ ನರಾರಾದಲ್ಲಿ ಇಳಿತದ ಹೊತ್ತಿಗೆ ನಡೆದುಕೊಂಡೇ ಹೋಗಿ ಹವಳ, ಆಕ್ಟೋಪಸ್, ಉಬ್ಬುಮೀನುಗಳನ್ನು ನೋಡಬಹುದು.

ಮನ್ನಾರ್ ಕೊಲ್ಲಿ: ಹವಳ ಮತ್ತು ಹುಲ್ಲುಗಾವಲು

ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಹಬ್ಬಿದ 21 ದ್ವೀಪಗಳ ಸುತ್ತ ಈ ದಿಬ್ಬಗಳಿವೆ. ಹವಳದ ಪಕ್ಕದಲ್ಲೇ ಕಡಲಹುಲ್ಲಿನ ವಿಸ್ತಾರವಾದ ಬಯಲು ಇರುವುದು ಇಲ್ಲಿನ ವಿಶೇಷ. ಅಳಿವಿನಂಚಿನ ಕಡಲಹಸುವಿಗೆ ಆ ಹುಲ್ಲೇ ಮೇವು. ಶಂಖ, ಮುತ್ತಿನ ಚಿಪ್ಪು, ಸಮುದ್ರಸೌತೆಗಳೂ ಈ ತಳದ ನಿವಾಸಿಗಳು. ದಡಕ್ಕೆ ಹತ್ತಿರವಿರುವುದು ಇದರ ಸಂಕಟವೂ ಹೌದು. ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಲಾಯಿತು. ಎರಡು ದ್ವೀಪಗಳು ನೀರಿನಡಿ ಸೇರಿದವು. ಕೃಷಿಗೆಂದು ತಂದ ಕಪ್ಪಾಫೈಕಸ್ ಎಂಬ ವಿದೇಶಿ ಕಡಲಪಾಚಿ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿ ಅದನ್ನು ಉಸಿರುಗಟ್ಟಿಸಿದ್ದೂ ದಾಖಲಾಗಿದೆ.

ಲಕ್ಷದ್ವೀಪ: ಒಂದೇ ದ್ವೀಪಕ್ಕೆ ಎರಡು ಮುಖ

ಲಕ್ಷದ್ವೀಪದ ನೆಲವನ್ನೇ ಹವಳ ಕಟ್ಟಿದೆ. ಉಂಗುರದಂಥ ದಿಬ್ಬದ ಒಳಗೆ ಶಾಂತ ಲಗೂನ್, ಹೊರಗೆ ಆಳಕ್ಕೆ ಜಾರುವ ಇಳಿಜಾರು. ಲಗೂನಿನಲ್ಲಿ ಮರಳು, ಕಡಲಹುಲ್ಲು, ಅಲ್ಲಲ್ಲಿ ಹವಳದ ಗುಡ್ಡೆ; ಹೊರ ಇಳಿಜಾರಿನಲ್ಲಿ ದಟ್ಟವಾದ ಹವಳ ಮತ್ತು ದೊಡ್ಡ ಬೇಟೆಗಾರ ಮೀನುಗಳು. ಪಶ್ಚಿಮದ ಅಂಚು ನೈಋತ್ಯ ಮುಂಗಾರಿನ ಹೊಡೆತಕ್ಕೆ ಒಡ್ಡಿಕೊಂಡಿದ್ದರೆ ಪೂರ್ವದ ಅಂಚು ಮರೆಯಲ್ಲಿದೆ. 1998ರಲ್ಲಿ ಬಿಸಿನೀರಿನಿಂದ ಹವಳ ಬಿಳಿಚಿ ಸತ್ತ ಬಳಿಕ ಪಶ್ಚಿಮದ ದಿಬ್ಬಗಳು ಬೇಗ ಚೇತರಿಸಿಕೊಂಡವು, ಪೂರ್ವದವು ಹಿಂದೆ ಉಳಿದವು.

ಇಲ್ಲಿಯ ಹವಳವನ್ನು ಅಂದಿನಿಂದಲೂ ಗಮನಿಸುತ್ತ ಬಂದವರಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಪ್ರಮುಖರು. ಅಗತ್ತಿ, ಕದ್ಮತ್, ಕವರತ್ತಿ ದ್ವೀಪಗಳಲ್ಲಿ ಹವಳದ ಹೊದಿಕೆ 1998ರ ಸುಮಾರು ಶೇ. 37ರಿಂದ ಶೇ. 19ಕ್ಕೆ ಇಳಿದಿರುವುದನ್ನು ಅವರ ಅಧ್ಯಯನ ತೋರಿಸಿದೆ. ದ್ವೀಪದ ಮೀನುಗಾರರು ಬಹುಕಾಲ ತೆರೆದ ಕಡಲಿನ ಟ್ಯೂನಾವನ್ನೇ ನೆಚ್ಚಿದ್ದರಿಂದ ಪಾಚಿ ತಿನ್ನುವ ಮೀನುಗಳು ಉಳಿದವು. ಚೇತರಿಕೆಗೆ ಅವು ಬಲ ಕೊಟ್ಟವು. ಈಚೆಗೆ ದಿಬ್ಬದ ಮೀನುಗಳ ಬೇಟೆಯೂ ಹೆಚ್ಚುತ್ತಿರುವುದು ಆತಂಕದ ಸಂಗತಿ. ಅಗತ್ತಿಯಲ್ಲಿ ಇನ್ನೊಂದು ಬದಲಾವಣೆ ಕಂಡಿತು. ಹಸಿರು ಕಡಲಾಮೆಗಳು ದೊಡ್ಡ ಸಂಖ್ಯೆಯಲ್ಲಿ ಸೇರಿ ಲಗೂನಿನ ಹುಲ್ಲನ್ನು ಮೇದು ಬರಿದು ಮಾಡಿದವು. ಹುಲ್ಲನ್ನು ಆಶ್ರಯಿಸಿದ್ದ ಮೀನುಗಳೂ ಕಡಿಮೆಯಾದವು.

ಅಂಡಮಾನ್ ಮತ್ತು ನಿಕೋಬಾರ್: ಜಾತಿಗಳ ಕಣಜ

ನಮ್ಮ ಹವಳದ ಜಾತಿಗಳಲ್ಲಿ ಅತಿ ಹೆಚ್ಚು ಇರುವುದು ಇಲ್ಲಿ. ಜಗತ್ತಿನಲ್ಲೇ ಹವಳ ವೈವಿಧ್ಯಕ್ಕೆ ಹೆಸರಾದ ಆಗ್ನೇಯ ಏಷ್ಯಾದ ಕಡಲಿಗೆ ಈ ದ್ವೀಪಗಳು ಸಮೀಪ. ದಡಕ್ಕೆ ಅಂಟಿಕೊಂಡೇ ಬೆಳೆಯುವ ಅಂಚುದಿಬ್ಬಗಳಲ್ಲಿ ಹಣೆ ಉಬ್ಬಿದ ಭಾರೀ ಗಿಳಿಮೀನು ಕೂಡ ಕಾಣಸಿಗುತ್ತದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರದ ಕೆಲವು ತೀರಗಳು ಮೇಲೆದ್ದು ಹವಳ ನೀರಿನಿಂದ ಹೊರಬಂದು ಸತ್ತಿತು. ನಿಕೋಬಾರಿನ ಕಡೆ ನೆಲ ಕುಸಿಯಿತು.

ಕರ್ನಾಟಕದ ನೇತ್ರಾಣಿ

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಬಂಡೆಗಳ ಮೇಲೆ ಅಲ್ಲಲ್ಲಿ ಹವಳವಿದೆ, ಲಕ್ಷದ್ವೀಪದಂಥ ದಿಬ್ಬವಿಲ್ಲ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ನದಿಗಳು ಸಿಹಿನೀರನ್ನೂ ಹೂಳನ್ನೂ ಹೊತ್ತುತರುವ ಕರಾವಳಿಯಲ್ಲಿ ಹವಳ ದಡದಿಂದ ದೂರದ ಬಂಡೆಗಳನ್ನು ಆಶ್ರಯಿಸಿರುವುದು ಸಹಜ. ಇಷ್ಟಿದ್ದರೂ ಬಣ್ಣಬಣ್ಣದ ದಿಬ್ಬದ ಮೀನುಗಳು ಇಲ್ಲಿವೆ. ಮುಳುಗಾಟಕ್ಕೆ ಜನ ಬರುವುದೂ ಅದಕ್ಕೇ.

ಒಂದೇ ಮದ್ದು ಸಾಲದು

1998ರ ನಂತರ 2010, 2016 ಮತ್ತು 2024ರಲ್ಲೂ ಲಕ್ಷದ್ವೀಪದ ಹವಳ ಬಿಳಿಚಿತು. ಏರುತ್ತಿರುವ ಬಿಸಿ ಎಲ್ಲ ಕಡಲಿಗೂ ಸಮಾನ ಅಪಾಯ. ಸ್ಥಳೀಯ ಅಪಾಯಗಳು ಮಾತ್ರ ಬೇರೆ ಬೇರೆ. ಕಛ್‌ನಲ್ಲಿ ಹೂಳು ಮತ್ತು ಕೈಗಾರಿಕೆಯ ಒತ್ತಡ, ಮನ್ನಾರ್‌ನಲ್ಲಿ ದಡದ ಮಾಲಿನ್ಯ ಮತ್ತು ಬಲೆ, ಲಕ್ಷದ್ವೀಪದಲ್ಲಿ ದಿಬ್ಬದ ಮೀನಿನ ಬೇಟೆ ಹತೋಟಿಗೆ ಬರಬೇಕು. 2001ರಿಂದ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ಇದೆ. ಒಂದು ತುಂಡು ಒಯ್ಯುವುದೂ ಅಪರಾಧ. ಕಡಲ ತೀರಕ್ಕೆ ಹೋದವರು ಹವಳವನ್ನು ಮುಟ್ಟದೆ, ತುಳಿಯದೆ, ಕೊಳ್ಳದೆ ಬರಲಿ. ದೋಣಿಯವರಿಗೆ ಹವಳದ ಮೇಲೆ ಲಂಗರು ಹಾಕಬೇಡಿ ಎಂದು ಹೇಳಲು ಸಂಕೋಚ ಬೇಡ.